ಮುಪ್ಪು ಬೇರೆ, ರೋಗ ಬೇರೆ

ಮನೆಯ ಹಿರಿಯರು ಕರೆದರೆ ಓಗೊಡದಿದ್ದಾಗ, ಊಟ ಸೇರದೆಂದು ತಟ್ಟೆ ಸರಿಸಿದಾಗ, ನಡೆಯುತ್ತ ತಡವರಿಸಿದಾಗ ‘ವಯಸ್ಸಾಯಿತಲ್ಲ, ಇನ್ನೇನು’ ಎಂಬ ಒಂದೇ ಮಾತಿನಲ್ಲಿ ನಾವು ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಹಿರಿಯರೂ ಅದನ್ನೇ ನಂಬಿ ಮೌನವಾಗುತ್ತಾರೆ. ಈ ಮಾತಿನ ಮರೆಯಲ್ಲಿ, ಗುಣಪಡಿಸಬಹುದಾದ ಎಷ್ಟೋ ಕಾಯಿಲೆಗಳು ಅಡಗಿ ಬೆಳೆಯುತ್ತವೆ. 2011ರ ಜನಗಣತಿಯಲ್ಲಿಯೇ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಆದ್ದರಿಂದ ಮುಪ್ಪಿನಲ್ಲಿ ಸಹಜವಾದುದು ಯಾವುದು, ರೋಗದಿಂದ ಬಂದುದು ಯಾವುದು ಎಂಬ ತಿಳಿವಳಿಕೆ ಪ್ರತಿ ಕುಟುಂಬಕ್ಕೂ ಅವಶ್ಯ.

ಸಹಜವಾದ ಬದಲಾವಣೆಗಳು

ಸುಶ್ರುತ ಸಂಹಿತೆಯು ಹಸಿವು, ಬಾಯಾರಿಕೆ, ನಿದ್ರೆ, ಮರಣಗಳ ಜೊತೆಗೆ ಮುಪ್ಪನ್ನೂ ಸ್ವಭಾವದಿಂದಲೇ ಬರುವವುಗಳ ಸಾಲಿನಲ್ಲಿ ಇರಿಸಿದೆ. ಮುಪ್ಪು ಒಂದು ದಿನ ಬಂದು ಬಾಗಿಲು ತಟ್ಟುವುದಿಲ್ಲ. ಸ್ನಾಯುಗಳು 30 ವರ್ಷದ ನಂತರವೇ ಮೆಲ್ಲನೆ ಕುಗ್ಗತೊಡಗುತ್ತವೆ. 40ರ ಆಚೀಚೆ ಕಣ್ಣಿನ ಮಸೂರ ಗಡುಸಾಗಿ, ಓದಲು ಕನ್ನಡಕ ಬೇಕಾಗುತ್ತದೆ. ಮುಟ್ಟು ನಿಂತ ಬಳಿಕ ಸ್ತ್ರೀಯರ ಮೂಳೆಗಳು ಬೇಗ ಸವೆಯುತ್ತವೆ. ನಿದ್ರೆ ಹಗುರವಾಗುತ್ತದೆ, ಬಾಯಾರಿಕೆಯ ಅರಿವು ಮಂದವಾಗುತ್ತದೆ. ಆದಕಾರಣ ಹಿರಿಯರು ಕೇಳುವ ತನಕ ಕಾಯದೆ ಆಗಾಗ ನೀರು ಕೊಡಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಸಹಜವೆಂದು ಬಿಡಬಾರದವು

ಮರೆವು: ಪರಿಚಿತರ ಹೆಸರು ತುಸು ತಡವಾಗಿ ನೆನಪಾಗುವುದು ಸಹಜ. ದಿನವೂ ನಡೆದ ದಾರಿ ತಪ್ಪುವುದು, ಉಂಡದ್ದನ್ನೇ ಮರೆಯುವುದು ಸಹಜವಲ್ಲ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ; ಇವುಗಳಿಗೆ ಚಿಕಿತ್ಸೆಯಿದೆ. ಒಂದೆರಡು ದಿನಗಳಲ್ಲಿಯೇ ಮಾತು ಗೊಂದಲವಾದರೆ ಸೋಂಕು, ನೀರಿನ ಕೊರತೆ ಅಥವಾ ಔಷಧದ ಅಡ್ಡಪರಿಣಾಮ ಇರಬಹುದು. ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಬಲಗುಂದಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಇಂಥ ಹಠಾತ್ ಬದಲಾವಣೆ ಕಂಡ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಿವುಡು: ಕಿವಿ ಮಂದವಾದವರು ಕ್ರಮೇಣ ಮಾತುಕತೆಯಿಂದ ದೂರವಾಗಿ ಒಂಟಿಯಾಗುತ್ತಾರೆ. ಶ್ರವಣದೋಷವು ಬುದ್ಧಿಮಾಂದ್ಯದ ಅಪಾಯವನ್ನೂ ಹೆಚ್ಚಿಸುತ್ತದೆ. ಕಿವಿಯ ಗುಗ್ಗೆ ತೆಗೆಸುವುದರಿಂದಲೋ ಶ್ರವಣಯಂತ್ರದಿಂದಲೋ ಅನೇಕರಿಗೆ ಅನುಕೂಲವಾಗುತ್ತದೆ.

ಬೀಳುವುದು: ಕಣ್ಣಿನ ಪೊರೆ, ಎದ್ದು ನಿಂತೊಡನೆ ರಕ್ತದೊತ್ತಡ ಇಳಿಯುವುದು, ನಿದ್ರೆಯ ಮಾತ್ರೆ ಇವೆಲ್ಲ ಬೀಳಲು ಕಾರಣಗಳು. ಒಮ್ಮೆ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಅನೇಕರಿಗೆ ಸಾಧ್ಯವಾಗದು. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ, ಜಾರದ ನೆಲ ಇವು ಅಲ್ಪ ಖರ್ಚಿನ ರಕ್ಷಣೆ.

ಖಿನ್ನತೆ: ಸಂಗಾತಿಯ ಅಗಲಿಕೆ, ನಿವೃತ್ತಿ, ದೂರದ ಊರಿನಲ್ಲಿರುವ ಮಕ್ಕಳು ಇವುಗಳಿಂದ ಮನಸ್ಸು ಕುಗ್ಗುತ್ತದೆ. ಹಿರಿಯರು ‘ಬೇಸರ’ ಎನ್ನುವುದಿಲ್ಲ. ‘ಹಸಿವಿಲ್ಲ, ಮೈಕೈ ನೋವು’ ಎನ್ನುತ್ತಾರೆ. ಇದೂ ವೈದ್ಯರಿಗೆ ತೋರಿಸಬೇಕಾದ ಕಾಯಿಲೆಯೇ.

ಪ್ರೀತಿಯಿಂದಾಗುವ ಹಾನಿ

‘ನೀವು ಸುಮ್ಮನೆ ಕುಳಿತುಕೊಳ್ಳಿ’ ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ದುಡಿಯದ ಸ್ನಾಯು ಬೇಗ ಕರಗುತ್ತದೆ. ಹೊಣೆಯಿಲ್ಲದ ಮನಸ್ಸು ಬೇಗ ಬಾಡುತ್ತದೆ. ತೊಂಬತ್ತು ದಾಟಿದವರಲ್ಲಿಯೂ ತಕ್ಕ ವ್ಯಾಯಾಮದಿಂದ ಸ್ನಾಯುಬಲ ಹೆಚ್ಚಿದುದನ್ನು ವೈದ್ಯರು ಕಂಡಿದ್ದಾರೆ. ಸೊಪ್ಪು ಸೋಸುವುದು, ಗಿಡಕ್ಕೆ ನೀರು ಹಾಕುವುದು, ಮೊಮ್ಮಕ್ಕಳಿಗೆ ಪಾಠ ಹೇಳುವುದು ಹೀಗೆ ಶಕ್ತಿಗೆ ತಕ್ಕ ಕಾಯಕ ಅವರ ಕೈಯಲ್ಲಿ ಉಳಿಯಲಿ. ಮನೆಯ ವಿಚಾರಗಳಲ್ಲಿ ಅವರ ಅಭಿಪ್ರಾಯವನ್ನೂ ಕೇಳಬೇಕು. ಬೇಳೆಕಾಳು, ಹಾಲು, ಮೊಸರುಗಳಂಥ ಸತ್ತ್ವಯುತ ಆಹಾರ ಹಲ್ಲಿಗೆ ಹಿತವಾಗುವಂತೆ ಬೆಂದಿರಲಿ.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕಾಯ್ದೆ ಬಂದಿದೆ. ಸಂಕಷ್ಟದಲ್ಲಿರುವ ಹಿರಿಯರು 14567 ಸಹಾಯವಾಣಿಗೆ ಕರೆಮಾಡಬಹುದು. ಆದರೆ ಕಾನೂನು ಅನ್ನ ಕೊಡಿಸಬಲ್ಲುದು, ಆದರ ಕೊಡಿಸಲಾರದು. ಈ ತಿಂಗಳು ಮನೆಯ ಹಿರಿಯರ ಕಣ್ಣು, ಕಿವಿ, ರಕ್ತದೊತ್ತಡಗಳನ್ನು ತಪಾಸಣೆ ಮಾಡಿಸಿ. ಅವರು ಸೇವಿಸುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ಒಮ್ಮೆ ತೋರಿಸಿ. ‘ವಯಸ್ಸಾಯಿತು’ ಎಂಬ ಮಾತನ್ನು ವೈದ್ಯರನ್ನು ಕಂಡು ಬಂದ ಮೇಲೆ ಆಡಿದರೂ ತಡವೇನಿಲ್ಲ.