ದಂಡು ಸ್ಟೇಷನ್ನಿನ ನೋಟಿಸು ಓದೋಣ



ಬಂಗಾರಪೇಟೆ, ಟೇಕಲ್, ಮಾಲೂರು ಕಡೆಯಿಂದ ದಿನವೂ ಬೆಳಗ್ಗೆ ರೈಲು ಬೆಂಗಳೂರಿಗೆ ಬರುತ್ತದೆ. ರೈಲಿನ ತುಂಬ ದುಡಿಯುವ ಜನ. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು, ಹೂವು ಸೊಪ್ಪು ಮಾರುವವರು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಎಷ್ಟೋ ಮನೆಗಳಿಗೆ ಆಮೇಲೆ ಈ ರೈಲೇ ಅನ್ನದ ದಾರಿ ಆಯಿತು.

ಈ ದಾರಿಯಲ್ಲಿ ಸಿಗುವ ದೊಡ್ಡ ಸ್ಟೇಷನ್ ಬೆಂಗಳೂರು ದಂಡು. ಇದಕ್ಕೆ ಕಂಟೋನ್ಮೆಂಟ್ ಅಂತಲೂ ಹೆಸರು. ದಂಡು ಅಂದರೆ ಸೈನ್ಯ. ಬ್ರಿಟಿಷರ ಸೈನ್ಯ ಬೀಡು ಬಿಟ್ಟಿದ್ದ ಜಾಗ ಇದು. 1864ರಲ್ಲಿ ಜೋಲಾರ್‌ಪೇಟೆಯಿಂದ ಇಲ್ಲಿಗೆ ರೈಲು ಬಂತು. ಬೆಂಗಳೂರು ಕಂಡ ಮೊದಲ ರೈಲು ದಾರಿ ಅದೇ.

ಊರು ಬೆಳೆಯಿತು, ಜನ ಹೆಚ್ಚಾದರು. ಹಳೆಯ ಸ್ಟೇಷನ್ ಸಾಲದಾಯಿತು. ಅದಕ್ಕೇ ಹೊಸದಾಗಿ ಕಟ್ಟುವ ಯೋಜನೆ ಮಾಡಿದರು. 2022ರ ಜೂನ್ 20ರಂದು ಪ್ರಧಾನ ಮಂತ್ರಿಗಳು ಅಡಿಗಲ್ಲು ಹಾಕಿದರು. ಅಂದಾಜು ಖರ್ಚು ಸುಮಾರು 500 ಕೋಟಿ ರೂಪಾಯಿ. ಹಳಿಗಳ ಮೇಲೆ ಅಗಲವಾದ ಹಜಾರ, ಲಿಫ್ಟು, ತಾನೇ ಚಲಿಸುವ ಮೆಟ್ಟಿಲು, ಇವೆಲ್ಲ ಯೋಜನೆಯಲ್ಲಿ ಸೇರಿವೆ. ಬಸುರಿಗೆ, ಮುದುಕಿಗೆ, ಬುಟ್ಟಿ ಹೊತ್ತವಳಿಗೆ ಲಿಫ್ಟು ಎಷ್ಟು ಅನುಕೂಲ ಅಲ್ವಾ?

ಆದರೆ ಒಂದು ಮಾತು. ಮನೆ ರಿಪೇರಿ ಮಾಡುವಾಗ ನಾವು ಬೇರೆ ಮನೆಗೆ ಹೋಗಬಹುದು. ಸ್ಟೇಷನ್ ರಿಪೇರಿ ಹಾಗಲ್ಲ. ರೈಲೂ ಓಡಬೇಕು, ಕೆಲಸವೂ ಆಗಬೇಕು. ಅದಕ್ಕೆ ಒಂದೊಂದೇ ಪ್ಲಾಟ್‌ಫಾರಂ ಮುಚ್ಚಿ ಕೆಲಸ ಮಾಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಹೀಗೇ ಆಯಿತು. ಒಂದು ಪ್ಲಾಟ್‌ಫಾರಂ ಮುಚ್ಚಿದರು. ಸುಮಾರು 40 ರೈಲುಗಳಿಗೆ ದಂಡಿನಲ್ಲಿ ಕೆಲವು ಕಾಲ ನಿಲುಗಡೆ ಇರಲಿಲ್ಲ. ನೋಟಿಸು ಮೊದಲೇ ಬಂದಿತ್ತು. ಓದಲು ಬಾರದವರಿಗೆ ಏನು ಗತಿ?

ಈ ಮಾತುಕತೆ ಓದಿ.

"ಅಕ್ಕಾ, ನನ್ನ ಪಾಸು ಬಂಗಾರಪೇಟೆಯಿಂದ ದಂಡಿನ ತನಕ ಮಾತ್ರ. ರೈಲು ಅಲ್ಲಿ ನಿಲ್ಲದೆ ಹೋದ್ರೆ?"

"ಮುಂದೆ ಸಿಟಿ ಸ್ಟೇಷನ್ನಿಗೆ ಹೋಗಿಬಿಡ್ತೀಯಮ್ಮ. ಅಲ್ಲಿ ಟಿ.ಟಿ. ಪಾಸು ನೋಡಿದ್ರೆ ದಂಡ ಹಾಕ್ತಾರೆ."

"ಅಯ್ಯೋ! ದಂಡವೂ ಹೋಯ್ತು, ಹೊತ್ತೂ ಹೋಯ್ತು!"

"ಅದಕ್ಕೇ ಹತ್ತೋ ಮೊದಲೇ ನೋಟಿಸು ಓದ್ಬೇಕು. ಗೊತ್ತಾಗದಿದ್ರೆ ಕೌಂಟರಿನಲ್ಲಿ ಕೇಳು. ಕೇಳೋಕೆ ನಾಚಿಕೆ ಯಾಕೆ?"

ನೋಟಿಸಿನಲ್ಲಿ ಮೂರು ವಿಷಯ ಹುಡುಕಿ.

1. ಯಾವ ದಿನದಿಂದ ಯಾವ ದಿನದವರೆಗೆ?
2. ಯಾವ ರೈಲು? ಪ್ರತಿ ರೈಲಿಗೂ ಐದು ಅಂಕಿಯ ನಂಬರ್ ಇರುತ್ತದೆ. ನೀವು ಹತ್ತುವ ರೈಲಿನ ನಂಬರನ್ನು ಬರೆದು ಇಟ್ಟುಕೊಳ್ಳಿ.
3. ಯಾವ ಪ್ಲಾಟ್‌ಫಾರಂ? ಯಾವ ದಾರಿ ಮುಚ್ಚಿದೆ, ಯಾವುದು ತೆರೆದಿದೆ?

ಇನ್ನೊಂದು ಮುಖ್ಯ ವಿಷಯ. ದಾರಿ ಮುಚ್ಚಿದರೆ ಸುತ್ತಿ ಹೋಗಬೇಕಾಗುತ್ತದೆ. ಕೆಲಸಕ್ಕೆ ತಡವಾದರೆ ಸಂಬಳ ಕತ್ತರಿಸುತ್ತಾರೆ. ಈ ಅವಸರಕ್ಕೆ ಹಳಿ ದಾಟುವವರು ಇದ್ದಾರೆ. "ಈ ರೈಲು ಇಲ್ಲಿ ನಿಲ್ಲುತ್ತೆ, ನಿಧಾನ ಬರುತ್ತೆ" ಅಂದುಕೊಳ್ಳುತ್ತಾರೆ. ನಿಲುಗಡೆ ತೆಗೆದಿದ್ದರೆ ಆ ರೈಲು ನಿಲ್ಲದೆ ಹೋಗುತ್ತದೆ. ಬ್ರೇಕು ಹಾಕಿದರೂ ರೈಲು ಥಟ್ಟನೆ ನಿಲ್ಲುವುದಿಲ್ಲ. ನಿಂತ ರೈಲಿನ ಮರೆಯಲ್ಲಿ ಇನ್ನೊಂದು ರೈಲು ಬರಬಹುದು. ಹಳಿ ದಾಟುವುದು ಕಾನೂನಿನ ಪ್ರಕಾರ ತಪ್ಪು. ಅದಕ್ಕಿಂತ ಹೆಚ್ಚಾಗಿ ಪ್ರಾಣಕ್ಕೇ ಅಪಾಯ. ಹತ್ತು ನಿಮಿಷ ಮೊದಲೇ ಮನೆ ಬಿಡಿ, ಸೇತುವೆ ಹತ್ತಿ ಹೋಗಿ. ಏನಾದರೂ ತೊಂದರೆ ಆದರೆ ರೈಲ್ವೆಯ 139 ನಂಬರಿಗೆ ಫೋನ್ ಮಾಡಿ.

ಬೆಂಗಳೂರಿಗೆ ಉಪನಗರ ರೈಲಿನ ಯೋಜನೆಯೂ ಇದೆ. ಅದಕ್ಕೂ 2022ರ ಅದೇ ದಿನ ಅಡಿಗಲ್ಲು ಹಾಕಿದರು. ನಾಲ್ಕು ದಾರಿ ಸೇರಿ 148 ಕಿಲೋಮೀಟರ್. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗುವ ದಾರಿ ದಂಡಿನ ಮೂಲಕವೇ ಹೋಗಬೇಕು. ಕೆಲಸ ನಡೆಯುವಷ್ಟು ಕಾಲ ನೋಟಿಸೂ ಬರುತ್ತಲೇ ಇರುತ್ತದೆ.

ಸ್ಟೇಷನ್ ಕಟ್ಟುವುದು ಜನರ ಹಣದಿಂದ. ನಾವು ಕೊಳ್ಳುವ ಸೋಪು, ಎಣ್ಣೆಯ ಮೇಲೂ ತೆರಿಗೆ ಇದೆ. ಹಾಗಾದರೆ ಕೇಳುವ ಹಕ್ಕು ನಮಗೂ ಇದೆ. ಕೆಲಸ ನಡೆಯುವಾಗ ಹೆಂಗಸರಿಗೆ ಶೌಚಾಲಯ ಬೇಕು. ಮುಚ್ಚಿದ ದಾರಿಯ ಬದಲು ಇರುವ ದಾರಿಯಲ್ಲಿ ದೀಪ ಬೇಕು. ಕೂರಲು ಜಾಗ ಬೇಕು. ನೋಟಿಸು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕು. ಒಬ್ಬಳೇ ಹೇಳಿದರೆ ಯಾರೂ ಕೇಳದೆ ಇರಬಹುದು. ಹತ್ತು ಜನ ಸೇರಿ ಸ್ಟೇಷನ್ ಮಾಸ್ಟರಿಗೆ ಅರ್ಜಿ ಬರೆಯಿರಿ. ಹೆಬ್ಬೆಟ್ಟು ಬೇಡ, ನಿಮ್ಮದೇ ಸಹಿ ಇರಲಿ.

ಅಭ್ಯಾಸ

ಈ ಮಾದರಿ ನೋಟಿಸನ್ನು ಗಟ್ಟಿಯಾಗಿ ಓದಿ:

"5ನೇ ತಾರೀಖಿನಿಂದ 20ನೇ ತಾರೀಖಿನವರೆಗೆ 2ನೇ ಪ್ಲಾಟ್‌ಫಾರಂ ಮುಚ್ಚಿರುತ್ತದೆ. ಪ್ರಯಾಣಿಕರು ಮೇಲ್ಸೇತುವೆ ಬಳಸಬೇಕು."

ಉತ್ತರ ಹೇಳಿ:
1. ಯಾವ ಪ್ಲಾಟ್‌ಫಾರಂ ಮುಚ್ಚಿರುತ್ತದೆ?
2. 12ನೇ ತಾರೀಖು ಅಲ್ಲಿ ರೈಲು ಹತ್ತಬಹುದೇ?
3. ಯಾವ ದಾರಿಯಲ್ಲಿ ಹೋಗಬೇಕು?

ಬರೆಯಿರಿ: ನಿಮ್ಮ ಊರಿನ ಸ್ಟೇಷನ್ನಿಗೆ ಅಥವಾ ಬಸ್ ಸ್ಟ್ಯಾಂಡಿಗೆ ಏನು ಬೇಕು? ಅರ್ಜಿಯಂತೆ ನಾಲ್ಕು ಸಾಲು ಬರೆದು ಸಹಿ ಮಾಡಿ.