ನ್ಯೂ ಬ್ರೌನ್‌ಫೆಲ್ಸ್: ಚಿಲುಮೆಯಿಂದ ಶುರುಮಾಡಿ ನೋಡಬೇಕಾದ ಊರು

ಟೆಕ್ಸಾಸ್‌ನ ಆಸ್ಟಿನ್, ಸ್ಯಾನ್ ಆಂಟೋನಿಯೊಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೂ ಅವರ ಮನೆಗೆ ಹೋಗಿ ಬರುವ ಅಪ್ಪ-ಅಮ್ಮಂದಿರಿಗೂ ನ್ಯೂ ಬ್ರೌನ್‌ಫೆಲ್ಸ್ ಹೆಸರು ಪರಿಚಿತ. ಐ-35 ಹೆದ್ದಾರಿಯಲ್ಲಿ ಸ್ಯಾನ್ ಆಂಟೋನಿಯೊದಿಂದ ಸುಮಾರು 50 ಕಿ.ಮೀ., ಆಸ್ಟಿನ್‌ನಿಂದ ಸುಮಾರು 80 ಕಿ.ಮೀ. ದೂರ. ಹೆಚ್ಚಿನವರು ಬೇಸಿಗೆಯಲ್ಲಿ ಒಂದು ದಿನ ಶ್ಲಿಟರ್‌ಬಾನ್ ವಾಟರ್ ಪಾರ್ಕಿಗೆ ಹೋಗಿ, ಮಕ್ಕಳನ್ನು ಆಡಿಸಿಕೊಂಡು ಸಂಜೆಗೆ ಮರಳುತ್ತಾರೆ. ಅಷ್ಟಕ್ಕೇ ಮರಳಿದರೆ ಊರನ್ನು ನೋಡಿದಂತಾಗುವುದಿಲ್ಲ. ಇದು 1845ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಊರು. ಅವರು ಇಲ್ಲಿ ಬಿಡಾರ ಹೂಡಿದ್ದೇ ನೀರನ್ನು ನಂಬಿ. ನೋಡಲು ಬರುವವರಿಗೂ ಮನೆ ಮಾಡಲು ಬರುವವರಿಗೂ ನನ್ನದು ಒಂದೇ ಸಲಹೆ: ಮೊದಲು ಇಲ್ಲಿನ ನೀರನ್ನು ತಿಳಿದುಕೊಳ್ಳಿ.

ಬೆಳಿಗ್ಗೆ: ಲಾಂಡಾ ಪಾರ್ಕ್

ಬಿಸಿಲು ಏರುವ ಮೊದಲೇ ಲಾಂಡಾ ಪಾರ್ಕಿಗೆ ಹೋಗಿ. ಸುಣ್ಣಕಲ್ಲಿನ ಬಂಡೆಗಳ ಬುಡದಿಂದ ತಿಳಿನೀರು ಹೊಮ್ಮುವುದನ್ನು ಹತ್ತಿರದಿಂದ ನೋಡಬಹುದು. ಇವು ಟೆಕ್ಸಾಸ್‌ನಲ್ಲೇ ಅತಿ ದೊಡ್ಡವಾದ ಕೊಮಲ್ ಚಿಲುಮೆಗಳು. ಎಡ್ವರ್ಡ್ಸ್ ಎಂಬ ವಿಶಾಲ ಅಂತರ್ಜಲ ಪದರದಿಂದ ಬರುವ ಈ ನೀರು ಚಳಿಗಾಲ, ಬೇಸಿಗೆ ಎನ್ನದೆ 22-23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಹುಟ್ಟುವ ಕೊಮಲ್ ನದಿಯ ಉದ್ದ ಸುಮಾರು 4 ಕಿ.ಮೀ. ಮಾತ್ರ, ಊರೊಳಗೇ ಹುಟ್ಟಿ ಊರೊಳಗೇ ಗ್ವಾಡಲೂಪ್ ನದಿಯನ್ನು ಸೇರುತ್ತದೆ. 1956ರ ಭೀಕರ ಬರದಲ್ಲಿ ಈ ಚಿಲುಮೆಗಳು ತಿಂಗಳುಗಟ್ಟಲೆ ಬತ್ತಿದ್ದವು. ಮನೆ ಮಾಡುವವರು ಇದನ್ನು ನೆನಪಿಡಬೇಕು.

ನಂತರ: ಸೋಫಿಯೆನ್‌ಬರ್ಗ್ ಮತ್ತು ಲಿಂಡ್‌ಹೈಮರ್ ಮನೆ

ಪಾರ್ಕಿನಿಂದ ಸೋಫಿಯೆನ್‌ಬರ್ಗ್ ಮ್ಯೂಸಿಯಂಗೆ ಬನ್ನಿ. ಇಲ್ಲಿ ಅವಸರ ಬೇಡ, ಅರ್ಧ ದಿನವನ್ನಾದರೂ ಮೀಸಲಿಡಿ. ಜರ್ಮನಿಯ ಕೆಲವು ಸಿರಿವಂತ ಕುಲೀನರು ಕಟ್ಟಿದ ಸಂಘವೊಂದು ಬಡ ರೈತರಿಗೂ ಕುಶಲಕರ್ಮಿಗಳಿಗೂ ಟೆಕ್ಸಾಸ್‌ನಲ್ಲಿ ಜಮೀನಿನ ಆಸೆ ತೋರಿಸಿ ಹಡಗು ಹತ್ತಿಸಿತ್ತು. ಸಂಘದ ಪ್ರತಿನಿಧಿಯಾಗಿ ಬಂದ ರಾಜಕುಮಾರ ಕಾರ್ಲ್, ಸೋಲ್ಮ್ಸ್-ಬ್ರೌನ್‌ಫೆಲ್ಸ್ ಮನೆತನದವನು. ಊರಿಗೆ ತನ್ನ ಊರಿನ ಹೆಸರಿಟ್ಟ, ಗುಡ್ಡದ ಮೇಲಿನ ಕೋಟೆಗೆ ತಾನು ಮದುವೆಯಾಗಲಿದ್ದ ಸೋಫಿಯ ಹೆಸರಿಟ್ಟ. ಸೋಫಿ ಇಲ್ಲಿಗೆ ಬರಲೇ ಇಲ್ಲ. ಆತನೂ 1845ರಲ್ಲೇ ಜರ್ಮನಿಗೆ ಮರಳಿದ.

ಜನ ಮಾತ್ರ ಬರುತ್ತಲೇ ಇದ್ದರು. 1846ರಲ್ಲಿ ಮೆಕ್ಸಿಕೊ ಯುದ್ಧಕ್ಕೆಂದು ಗಾಡಿಗಳೆಲ್ಲ ಸೈನ್ಯದ ಪಾಲಾದವು. ಕಡಲ ತೀರದಲ್ಲೇ ಸಿಕ್ಕಿಬಿದ್ದ ನೂರಾರು ಮಂದಿ ರೋಗಕ್ಕೆ ಬಲಿಯಾದರು. ನಡೆದೇ ಹೊರಟ ಕೆಲವರು ದಾರಿಯಲ್ಲೇ ಅಸುನೀಗಿದರು. ಅನಾಥರಾದ ಮಕ್ಕಳನ್ನು ಪಾದ್ರಿ ಲೂಯಿ ಎರ್ವೆನ್‌ಬರ್ಗ್ ದಂಪತಿ ಸಾಕಿದರು. ಇಂದು ಕಾಣುವ ಅಚ್ಚುಕಟ್ಟಾದ ಬೀದಿಗಳ ಹಿಂದೆ ಇಂಥ ಸಂಕಟವಿದೆ. ಹಿರಿಯರನ್ನು, ಹೈಸ್ಕೂಲು ದಾಟಿದ ಮಕ್ಕಳನ್ನು ತಪ್ಪದೆ ಇಲ್ಲಿಗೆ ಕರೆತನ್ನಿ.

ಅಲ್ಲಿಂದ ಫರ್ಡಿನಾಂಡ್ ಲಿಂಡ್‌ಹೈಮರ್ ವಾಸವಿದ್ದ ಮನೆಯತ್ತ ನಡೆಯಿರಿ. ಟೆಕ್ಸಾಸ್‌ನ ಸಸ್ಯಗಳನ್ನು ಸಂಗ್ರಹಿಸಿ ಸಸ್ಯಶಾಸ್ತ್ರಜ್ಞರಿಗೆ ಪರಿಚಯಿಸಿದವರು ಅವರು. ಹಲವು ಸಸ್ಯಗಳ ವೈಜ್ಞಾನಿಕ ಹೆಸರುಗಳಲ್ಲಿ ಅವರ ಹೆಸರು ಉಳಿದಿದೆ. 1852ರಲ್ಲಿ ಆರಂಭವಾದ ಇಲ್ಲಿನ ಜರ್ಮನ್ ಪತ್ರಿಕೆಯ ಸಂಪಾದಕರೂ ಅವರೇ. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಜರ್ಮನ್ ಭಾಷೆಯಲ್ಲೇ ಹೊರಬಂತು. ಊರಿನ ಈಗಿನ ಇಂಗ್ಲಿಷ್ ಪತ್ರಿಕೆಯ ಹೆಸರು ‘ಹೆರಾಲ್ಡ್-ಸೈಟುಂಗ್’.

ಪರನಾಡಿನಲ್ಲಿ ಕನ್ನಡ ಕಲಿಸಲು ಹೆಣಗುವ ಪಾಲಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬಂದ ವರ್ಷವೇ ಮರದ ನೆರಳಲ್ಲಿ ಶಾಲೆ ತೆರೆದವರು ಈ ಜನ. 1853ರಲ್ಲಿ ಗಾಯನ ಸಂಘಗಳ ಹಬ್ಬ ನಡೆಸಿದರು. ಶಾಲೆ, ಪತ್ರಿಕೆ, ಹಾಡು, ಚರ್ಚು ಎಲ್ಲವೂ ಸೇರಿ ಭಾಷೆಯನ್ನು ಮೂರು-ನಾಲ್ಕು ತಲೆಮಾರು ಉಳಿಸಿದವು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಮಾತಾಡುವವರನ್ನೇ ಸಂಶಯದಿಂದ ನೋಡುವಂತಾಯಿತು, ಶಾಲೆಗಳಿಂದ ಭಾಷೆ ಹೊರಬಿತ್ತು. ಆಮೇಲೆ ಮನೆಮಾತೊಂದೇ ಅದನ್ನು ಹೊರಲಾರದೆ ಹೋಯಿತು. ಟೆಕ್ಸಾಸ್ ಜರ್ಮನ್ ಆಡುವವರು ಈಗ ಹೆಚ್ಚಾಗಿ ಇಳಿವಯಸ್ಸಿನವರು. ಅವರ ಮಾತನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಹಾನ್ಸ್ ಬೋವಾಸ್ 2001ರಿಂದ ಧ್ವನಿಮುದ್ರಿಸುತ್ತಿದ್ದಾರೆ.

ಊಟ, ಸುತ್ತಾಟ

1868ರಿಂದ ನಡೆಯುತ್ತಿರುವ ನೇಗೆಲಿನ್ಸ್ ಬೇಕರಿಗೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಸಸ್ಯಾಹಾರಿಗಳು ಜರ್ಮನ್ ಹೋಟೆಲಿನಲ್ಲಿ ಕೇಳಿಯೇ ತಿನ್ನಬೇಕು. ಹುಳಿ ಬರಿಸಿದ ಎಲೆಕೋಸಿನ ಸವರ್‌ಕ್ರೌಟ್‌ಗೆ ಹಲವೆಡೆ ಹಂದಿಮಾಂಸ ಬೆರೆಸುತ್ತಾರೆ. ಸ್ಪೆಟ್ಸ್ಲ ಎಂಬ ಶ್ಯಾವಿಗೆಯಂಥ ತಿನಿಸಿಗೆ ಮೊಟ್ಟೆ ಹಾಕುತ್ತಾರೆ. ಆಲೂಗಡ್ಡೆ ರೊಟ್ಟಿಯಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪ್ರೆಟ್ಜೆಲ್ ಆದೀತು, ಅದನ್ನೂ ಕೇಳಿ ತಿನ್ನಿ.

ಸಂಜೆಗೆ ಗ್ರೀನ್ ಬಡಾವಣೆ. ಹತ್ತಿ ವ್ಯಾಪಾರದಿಂದ ಬೆಳೆದು, ಹತ್ತಿಗೆ ಹುಳ ಬಿದ್ದು ಪಾಳುಬಿದ್ದ ಹಳ್ಳಿಯಿದು. 1970ರ ದಶಕದಲ್ಲಿ ಕೆಡವದೆ ಉಳಿಸಿಕೊಂಡರು. 1878ರ ಗ್ರೀನ್ ಹಾಲ್‌ನಲ್ಲಿ ಇಂದಿಗೂ ಸಂಗೀತ, ಕುಣಿತ ನಡೆಯುತ್ತದೆ.

ನವೆಂಬರ್ ಮೊದಲ ಭಾಗದಲ್ಲಿ ಹತ್ತು ದಿನ ‘ವುರ್ಸ್ಟ್‌ಫೆಸ್ಟ್’ ಇರುತ್ತದೆ. ಮಾಂಸದ ಸಾಸೇಜ್, ಬಿಯರ್‌ನ ಹಬ್ಬವಾದರೂ ವಾದ್ಯಮೇಳ ಕೇಳಲೆಂದೇ ಹೋಗಬಹುದು. ಆ ದಿನಗಳಿಗೆ ಕೋಣೆ ಬೇಕಿದ್ದರೆ ಬಹಳ ಮುಂಚೆ ಕಾಯ್ದಿರಿಸಿ.

ನೀರಿಗಿಳಿಯುವ ಮುನ್ನ

ಟ್ಯೂಬಿನಲ್ಲಿ ಕೂತು ತೇಲಲು ಮಕ್ಕಳಿರುವ ಕುಟುಂಬಕ್ಕೆ ಕೊಮಲ್ ವಾಸಿ. ಗ್ವಾಡಲೂಪ್‌ನ ಸೆಳೆತ ಮೇಲಿನ ಕ್ಯಾನ್ಯನ್ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿರುತ್ತದೆ, ಹಾಗಾಗಿ ಆ ದಿನದ ಹರಿವನ್ನು ವಿಚಾರಿಸಿಯೇ ಇಳಿಯಿರಿ. ಈಜು ಬಂದರೂ ಲೈಫ್ ಜಾಕೆಟ್ ಧರಿಸಿ. ಕಲ್ಲುಗಳಿವೆ, ಬರಿಗಾಲು ಬೇಡ. ನಗರದೊಳಗಿನ ನದಿಗೆ ಬಳಸಿ ಬಿಸಾಡುವ ಬಾಟಲಿ, ಕ್ಯಾನ್, ಲೋಟ ಒಯ್ಯುವುದು ನಿಷಿದ್ಧ. ನೀರನ್ನು ಸ್ಟೀಲ್ ಬಾಟಲಿಯಲ್ಲೇ ತನ್ನಿ. ಬೇಸಿಗೆಯ ಶನಿವಾರ, ಭಾನುವಾರ ತಪ್ಪಿಸಿ.

ಮನೆ ಮಾಡುವುದಾದರೆ

2010ರಲ್ಲಿ 57,740 ಇದ್ದ ಜನಸಂಖ್ಯೆ 2020ರ ಜನಗಣತಿಗೆ 90,403 ತಲುಪಿತು. ಐ-35 ರಸ್ತೆಯ ದಟ್ಟಣೆಯನ್ನು ಬಾಡಿಗೆ ಕರಾರಿಗೆ ಮುನ್ನ ಒಂದು ಸೋಮವಾರ ಬೆಳಿಗ್ಗೆ ಆಫೀಸಿನವರೆಗೆ ಕಾರು ಓಡಿಸಿ ನೋಡಿ. ಕಾರಿಲ್ಲದೆ ಇಲ್ಲಿ ಸಂಸಾರ ನಡೆಯದು. ಊರಲ್ಲಿ ಎರಡು ಶಾಲಾ ಜಿಲ್ಲೆಗಳಿವೆ. ಯಾವುದೆಂದು ವಿಳಾಸವೇ ನಿರ್ಧರಿಸುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ಮನೆ ಕೊಂಡರೆ ಆಸ್ತಿ ತೆರಿಗೆ ಭಾರವಾಗಿಯೇ ಬೀಳುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಜುನಿಪರ್ ಮರಗಳ ಪರಾಗದಿಂದ ಬರುವ ‘ಸೀಡರ್ ಫೀವರ್’ ಹಲವರನ್ನು ಕಾಡುತ್ತದೆ. ಅಲರ್ಜಿ, ಉಬ್ಬಸ ಇರುವ ಹಿರಿಯರನ್ನು ಆ ತಿಂಗಳುಗಳಲ್ಲಿ ಕರೆಸಿಕೊಳ್ಳಬೇಡಿ. ಬರ ಬಂದಾಗ ಕೈತೋಟಕ್ಕೆ ನೀರು ಹಾಯಿಸಲು ದಿನ, ಹೊತ್ತು ಗೊತ್ತುಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರವಾಹ ನಕ್ಷೆ. ಕ್ಯಾನ್ಯನ್ ಅಣೆಕಟ್ಟೆ 1964ರಲ್ಲೇ ಮುಗಿದಿದ್ದರೂ ಅದರ ಕೆಳಗೆ ಸುರಿದ ಮಳೆಯಿಂದ 1998ರ ಅಕ್ಟೋಬರ್‌ನಲ್ಲಿ ಗ್ವಾಡಲೂಪ್ ನದಿ ಮನೆಗಳನ್ನು ಕೊಚ್ಚಿತು. 2025ರ ಜುಲೈನಲ್ಲಿ ಇದೇ ನದಿಯ ಮೇಲ್ಭಾಗದ ಕೆರ್ ಕೌಂಟಿಯಲ್ಲಿ ಪ್ರವಾಹಕ್ಕೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ಮನೆಯ ವಿಳಾಸವನ್ನು ಸರ್ಕಾರದ ಪ್ರವಾಹ ನಕ್ಷೆಯಲ್ಲಿ ಹುಡುಕಿದ ಮೇಲೆಯೇ ಕರಾರಿಗೆ ಸಹಿ ಹಾಕಿ. ಫೋನಿನಲ್ಲಿ ಹವಾಮಾನ ಎಚ್ಚರಿಕೆಯನ್ನು ರಾತ್ರಿಯೂ ತೆರೆದಿಡಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಎಷ್ಟೇ ಕಡಿಮೆ ಕಂಡರೂ, ಕಾರು ಇಳಿಸದೆ ಹಿಂತಿರುಗಿ.