ಚಿನ್ನ ಕೊಳ್ಳುವ ಮುಂಚೆ: ಕ್ಯಾರೆಟ್ ಅಳೆಯೋದು ಹೇಗೆ?

ಬಿನ್ ಮಹಮೂದ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಮುಶೈರಿಬ್ ಆದ ಮೇಲೆ ಸೂಕ್ ವಾಕಿಫ್. ಮಾರ್ಗದ ಹೆಸರೇ ಗೋಲ್ಡ್ ಲೈನ್! ರಜೆಗೆ ಊರಿಗೆ ಹೊರಟವರಲ್ಲಿ ಬಹಳ ಜನ ಅಲ್ಲಿ ಇಳಿದು ಚಿನ್ನದ ಅಂಗಡಿಗೆ ಹೋಗುತ್ತೀರಿ. ಹೋಗುವ ಮುಂಚೆ ಇದನ್ನು ಓದಿ. ನಾನು ಬಿ.ಕಾಂ. ಓದಿ ಲೆಕ್ಕ ಬರೆಯುವವನು, ರಸಾಯನಶಾಸ್ತ್ರ ಗೊತ್ತಿದ್ದವನಲ್ಲ. ಒಂದು ಸರದ ಕಥೆಯಿಂದಾಗಿ ಕಲಿಯಬೇಕಾಯಿತು.

ನಮ್ಮ ಕಟ್ಟಡದ ಒಬ್ಬರು ತಂಗಿಯ ಮದುವೆಗೆಂದು 16 ಗ್ರಾಂ, ಅಂದ್ರೆ ಎರಡು ಪವನಿನ ಸರ ತಗೊಂಡರು. ಕೊಟ್ಟದ್ದು 22 ಕ್ಯಾರೆಟ್ ದರ. ಊರಿನಲ್ಲಿ ಅಡವಿಡಲು ಹೋದಾಗ ಮೆಷಿನ್ 87.4 ತೋರಿಸಿತು. ಕೊಕ್ಕೆಯ ಹತ್ತಿರ ಸಣ್ಣದಾಗಿ 875 ಅಂತ ಒತ್ತಿತ್ತು. ಇವರು ಅದನ್ನು ಡಿಸೈನ್ ನಂಬರ್ ಅಂದುಕೊಂಡಿದ್ದರು. 875 ಅಂದರೆ ಸಾವಿರದಲ್ಲಿ 875 ಪಾಲು ಚಿನ್ನ, ಅದು 21 ಕ್ಯಾರೆಟ್. 916 ಅಂದರೆ 22, 750 ಅಂದರೆ 18. ಲೆಕ್ಕ ಮಾಡಿ: 16 ಗ್ರಾಂ 22 ಕ್ಯಾರೆಟ್‌ನಲ್ಲಿ ಅಪ್ಪಟ ಚಿನ್ನ 14.67 ಗ್ರಾಂ, 21ರಲ್ಲಿ 14 ಗ್ರಾಂ. 0.67 ಗ್ರಾಂ ಚಿನ್ನದ ದುಡ್ಡು ಹೋಯಿತು. ಬಿಲ್ಲಿನಲ್ಲಿ ತೂಕ, ಮೊತ್ತ ಎರಡೇ ಇತ್ತು, ಕ್ಯಾರೆಟ್ ಬರೆದಿರಲಿಲ್ಲ. ಕೇಳೋಕೆ ಕೈಯಲ್ಲಿ ಏನೂ ಇರಲಿಲ್ಲ.

ಈಗ ಆ ಮೆಷಿನ್ ವಿಷಯ. ಸರವನ್ನು ಒಳಗಿಟ್ಟರೆ ಅದು ಎಕ್ಸ್-ರೇ ಬಿಡುತ್ತದೆ. ಎಕ್ಸ್-ರೇ ತಗುಲಿದ ಪರಮಾಣುವಿನ ಒಳಸುತ್ತಿನ ಒಂದು ಎಲೆಕ್ಟ್ರಾನ್ ಹಾರಿಹೋಗುತ್ತದೆ, ಹೊರಸುತ್ತಿನದು ಆ ಜಾಗಕ್ಕೆ ಇಳಿಯುತ್ತದೆ, ಇಳಿಯುವಾಗ ತನ್ನದೇ ಎಕ್ಸ್-ರೇ ಹೊರಬಿಡುತ್ತದೆ. ಅದರ ಶಕ್ತಿ ಒಂದೊಂದು ಧಾತುವಿಗೂ ಬೇರೆ: ಚಿನ್ನಕ್ಕೆ ಸುಮಾರು 9.7, ತಾಮ್ರಕ್ಕೆ 8, ಬೆಳ್ಳಿಗೆ 22 ಕಿಲೋ ಎಲೆಕ್ಟ್ರಾನ್ ವೋಲ್ಟ್. ಯಾವುದು ಎಷ್ಟು ಬಂತು ಅಂತ ಎಣಿಸಿ ಮೆಷಿನ್ ಶೇಕಡಾ ಹೇಳುತ್ತದೆ. ಸರ ಕತ್ತರಿಸಬೇಕಿಲ್ಲ, ಒಂದೆರಡು ನಿಮಿಷ ಸಾಕು.

ಆದರೆ ಅದು ನೋಡೋದು ಮೇಲ್ಪದರ ಮಾತ್ರ, ಕೂದಲಿನ ದಪ್ಪಕ್ಕಿಂತ ಕಡಿಮೆ ಆಳ. ದಪ್ಪ ಲೇಪನ ಇದ್ದರೆ ಮೋಸ ಹೋಗುತ್ತದೆ. ಬೆಸುಗೆ ಇರುವ ಕಡೆ ಇಟ್ಟರೆ ಒಳ್ಳೆ ಚಿನ್ನಕ್ಕೂ ಕಡಿಮೆ ತೋರಿಸಬಹುದು. ಅದಕ್ಕೇ ಎರಡು ಮೂರು ಜಾಗದಲ್ಲಿ ಇಡಲು ಹೇಳಿ. ಅಂಗಡಿಯವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ದುಡ್ಡು ನಿಮ್ಮದು.

ಅಕ್ಕಸಾಲಿಗರ ಒರೆಗಲ್ಲು ಅಂದಾಜಿಗೆ ಸರಿ. ಕೊನೆಯ ಮಾತು ಬೆಂಕಿ ಪರೀಕ್ಷೆಯದ್ದು. ಚಿನ್ನದ ಚೂರನ್ನು ತೂಗಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗೆ ಇಡುತ್ತಾರೆ. ಸೀಸವೂ ತಾಮ್ರವೂ ಕೆಳಗಿನ ಬಟ್ಟಲಿಗೆ ಇಂಗುತ್ತವೆ. ಉಳಿದ ಗುಂಡಿನಲ್ಲಿರುವ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ. ಮಿಕ್ಕಿದ್ದು ಚಿನ್ನ, ಮತ್ತೆ ತೂಗಿದರೆ ಉತ್ತರ. ಮೊದಲು ಎಷ್ಟು, ಕೊನೆಗೆ ಎಷ್ಟು. ನನ್ನ ಲೆಡ್ಜರ್ ಕೂಡ ಇಷ್ಟೇ ನೋಡಿ.

ಕೊಳ್ಳುವಾಗ ಒತ್ತಿದ ಗುರುತನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ಬಿಲ್ಲಿನಲ್ಲಿ ಕ್ಯಾರೆಟ್, ಒಟ್ಟು ತೂಕ, ಕಲ್ಲು ಇದ್ದರೆ ಕಲ್ಲಿನ ತೂಕ, ಆ ದಿನದ ದರ, ಮಜೂರಿ ಬೇರೆ ಬೇರೆ ಬರೆಸಿ. ಕಲ್ಲನ್ನೂ ಚಿನ್ನದ ದರಕ್ಕೆ ತೂಗಿದ ಬಿಲ್ಲು ನಾನೇ ನೋಡಿದ್ದೇನೆ.

ಈಗಾಗಲೇ ತಗೊಂಡ ಒಡವೆ ಬಗ್ಗೆ ಅನುಮಾನ ಇದ್ದರೆ, ಊರಿನಲ್ಲಿ ಬಿಐಎಸ್ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ನೀವೇ ಒಯ್ದು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. 2022ರಿಂದ ಸಾಮಾನ್ಯ ಗ್ರಾಹಕರಿಗೂ ಈ ಅವಕಾಶ ಇದೆ, ವರದಿ ಕೊಡುತ್ತಾರೆ.

ಬಿಲ್ಲನ್ನು ಸೂಟ್‌ಕೇಸಿಗೆ ಹಾಕಬೇಡಿ, ಪಾಸ್‌ಪೋರ್ಟ್ ಜೊತೆ ಇಡಿ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಆಭರಣಕ್ಕೆ ಭಾರತದ ಕಸ್ಟಮ್ಸ್ ಸುಂಕದಲ್ಲಿ ರಿಯಾಯಿತಿ ಇದೆ. ನಾಣ್ಯ, ಬಿಸ್ಕತ್ತಿಗೆ ಅದು ಸಿಗುವುದಿಲ್ಲ. ಷರತ್ತು ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ವಾರ ಒಮ್ಮೆ ನೋಡಿಕೊಳ್ಳಿ.